ಆ ದಿನದ ಕಡಲು

ಕತ್ತರಿ ಕುದಿಯುವ ನೀರಿನಲ್ಲಿ ಪಾತ್ರೆಯ ಮೈಗೆ ಬಡಿಯುತ್ತಿದೆ, ಟಕ್ ಟಕ್, ಇನ್ನೂ ಹತ್ತು ನಿಮಿಷ ಕುದಿಯಬೇಕು, ಎಮರ್ಲಿನ್ ಹೆರಿಗೆ ಕೋಣೆಯ ಇದ್ದಿಲೊಲೆಗೆ ಬೀಸಣಿಗೆ ಬೀಸಿದಳು, ಹತ್ತು ನಿಮಿಷ, ಅರ್ಧ ಗಂಟೆ — ನಿಮಿಷ ಎಣಿಸುವುದನ್ನೇ ತಾನೇ ಕಾಲೇಜಿನಲ್ಲಿ ಕಲಿಸಿದ್ದು, ಮಗು ಬಂದ ಮೇಲೆ ಅರ್ಧ ಗಂಟೆ ನೋಡು, ಮಾಸು ಬೀಳದಿದ್ದರೆ ಕಾಯಬೇಡ, ದೋಣಿ ಹತ್ತಿಸು, ಪಟ್ಟಣದ ಆಸ್ಪತ್ರೆಗೆ ಕಳಿಸು. ಮೂರು ತಿಂಗಳ ಹಿಂದೆ ನೆನಿಟಾ ಇದೇ ಮಂಚದ ಮೇಲೆ ಮಲಗಿ, ಆ ಬೆವರಿನಲ್ಲೂ ನಗುತ್ತ, ಲೇ ಎಮಿ, ದೋಣಿ ಬೇಡ ಕಣೇ, ವಾಂತಿ ಮಾಡ್ಕೊಂಡೇ ಸಾಯ್ತೀನಿ, ನೀನಿದ್ದೀಯಲ್ಲ — ನೀನಿದ್ದೀಯಲ್ಲ ಅಂದದ್ದೇ ತಲೆಗೇರಿತೇ, ಅದಕ್ಕೆ ಮೊದಲು ಹತ್ತೊಂಬತ್ತು ಹೆರಿಗೆ, ಹತ್ತೊಂಬತ್ತೂ ಸುಸೂತ್ರ, ಇನ್ನೊಂಚೂರು ನೋಡೋಣ ಅಂದಳು ಎಮರ್ಲಿನ್, ಇನ್ನೊಂಚೂರು, ಒಂದೂವರೆ ಗಂಟೆ, ರಕ್ತ ಕಟ್ಟೆಯೊಡೆದ ಮೇಲೆ ದೋಣಿ ಹೊರಟಿತು, ಹೊರಟದ್ದು ಗೆಳತಿ, ತಲುಪಿದ್ದು ಹೆಣ.

ಇವತ್ತು ಬೆಳಿಗ್ಗೆ ಚಾವಡಿಯಲ್ಲಿ ಊರೆಲ್ಲ ಸೇರಿತ್ತು, ಮೂರು ವರ್ಷದ ಹಿಂದೆಯೂ ಹೀಗೇ ಸೇರಿ ಇವಳನ್ನು ಆರಿಸಿತ್ತು, ಸಮಾರ್‌ನ ಈ ಮೂಲೆಯ ದ್ವೀಪಕ್ಕೆ ಯಾವ ಡಾಕ್ಟರು ಬರುತ್ತಾನೆ, ನಮ್ಮ ಹುಡುಗಿಯೇ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋಗಲಿ ಅಂತ, ಸೂಲಗಿತ್ತಿಯ ಪಾಠ ಮುಗಿಸಿ ಬಂದು ಊರಿನ ಸೇವೆ ಮಾಡಿದ್ದಾಯಿತು, ಈಗ ಊರು ಮತ್ತೆ ಕೈಯೆತ್ತಿದರೆ ನರ್ಸಿಂಗ್, ಅದಾದ ಮೇಲೆ ಇನ್ನೊಮ್ಮೆ ಎತ್ತಿದರೆ ಡಾಕ್ಟರು, ಕೈ ಏಳದಿದ್ದರೆ ಅಲ್ಲಿಗೇ ಮುಗಿಯಿತು. ವಿಶ್ವವಿದ್ಯಾಲಯದ ಮ್ಯಾಡಂ ಕನ್ನಡಕ ಸರಿಮಾಡಿಕೊಂಡು ಇವಳ ಹೆರಿಗೆ ಪುಸ್ತಕ ಓದಿದರು, ಹೆರಿಗೆ ಇಪ್ಪತ್ತು, ತಾಯಿಯ ಸಾವು ಒಂದು, ಕಾರಣ, ಕಡಲು ಉಬ್ಬಿದ್ದರಿಂದ ದೋಣಿ ತಡವಾಯಿತು. ಅವಳೇ ಬರೆದದ್ದು, ಅವಳದೇ ದುಂಡನೆಯ ಅಕ್ಷರ, ಪಟ್ಟಣದವರು ಓದುತ್ತಾರೆಂದು ಬರೆದದ್ದು, ಊರಿನ ಮುಂದೆ ಓದುತ್ತಾರೆಂದು ಹೊಳೆಯಲೇ ಇಲ್ಲ — ಊರು ತುಂಬ ಬೆಸ್ತರು, ಯಾವ ದಿನ ಗಾಳಿ ಎತ್ತ ಬೀಸಿತೆಂದು ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿಟ್ಟವರು. ಆ ದಿನ ಕಡಲು ತಟ್ಟೆಯಲ್ಲಿಟ್ಟ ನೀರಿನ ಹಾಗಿತ್ತು. ಊರಿನ ಯಜಮಾನ ಕಪಿತಾನ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ಮತ್ತೆ, ಏನಂತೀರಪ್ಪಾ ಎಲ್ರೂ, ಅಂದ. ಹಿಂದಿನ ಬೆಂಚಿನಲ್ಲಿ ಡೊಮೆಂಗ್, ನೆನಿಟಾಳ ಗಂಡ, ಆ ದಿನ ದೋಣಿ ನಡೆಸಿದವನೂ ಅವನೇ, ಮಗುವನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದವನು — ಎಲ್ಲರಿಗಿಂತ ಮೊದಲು ಕೈಯೆತ್ತಿದ. ಆಮೇಲೆ ಉಳಿದ ಕೈಗಳು.

ಏನೇ ಡಾಕ್ಟ್ರಮ್ಮ, ಗಂಟು ಕಟ್ಟಿದ್ದಾಯ್ತಾ — ಬಾಗಿಲಲ್ಲಿ ತಿಯಾ ಪಾಸಿಂಗ್, ನೆನಿಟಾಳ ಅಮ್ಮ, ಕೈಯಲ್ಲಿ ಒಣಮೀನಿನ ಪೊಟ್ಟಣ, ತಗೋ, ಹಾಸ್ಟೆಲಿನ ಅನ್ನ ತಿಂದು ಕಡ್ಡಿ ಆಗಿದ್ದೆ ಹೋದ್ಸಲ. ತಿಯಾ, ನಿಮಗೆ ನನ್ ಮೇಲೆ ಸಿಟ್ಟಿಲ್ವಾ. ಸಿಟ್ಟು ಮಾಡ್ಕೊಂಡು ಕೂತ್ರೆ ಮುಂದಿನ ಬಾಣಂತೀನ ಯಾರು ನೋಡ್ತಾರೆ, ನಿಮ್ಮಪ್ಪನಾ. ಹೊಸಿಲು ದಾಟಿ ನಿಂತಳು, ತಿರುಗಲಿಲ್ಲ, ಕಡಲಿಗೆ ಬಾಯಿಲ್ಲ ನೋಡು, ಏನಂದ್ರೂ ಸುಮ್ನಿರತ್ತೆ.

ನೀರು ಇಂಗುತ್ತಿದೆ, ಪುಸ್ತಕ ಮೇಜಿನ ಮೇಲಿದೆ, ಮೂರರ ದೋಣಿಗೆ ಮ್ಯಾಡಂ ಒಯ್ಯುತ್ತಾರೆ, ಒಂದು ಗೀಟು ಎಳೆದರೆ, ಪಕ್ಕದಲ್ಲಿ ಕಡಲು ಶಾಂತವಾಗಿತ್ತು, ನಾನೇ ಒಂದೂವರೆ ಗಂಟೆ ಕಾದೆ ಅಂತ ಬರೆದರೆ, ನರ್ಸಿಂಗ್ ಹೋಯಿತು, ಬಹುಶಃ ಈ ಬಿಳಿ ಅಂಗಿಯೂ — ಹೋಗಲಿ, ಬರೆದೇ ಬರೆಯುತ್ತಾಳೆ, ತನ್ನ ಅಮ್ಮನಿಗೆ ಹೇಳುವುದಿಲ್ಲ, ತಿಯಾಗೂ ಇಲ್ಲ, ಡೊಮೆಂಗ್‌ಗಂತೂ ಇಲ್ಲ, ಅವನು ಕ್ಷಮಿಸಿದನೇ, ಕಣ್ಣೆದುರಿಂದ ತೊಲಗಲಿ ಅಂದನೇ, ಇನ್ನೊಬ್ಬನ ಹೆಂಡತಿಯಾದರೂ ಉಳಿಯಲಿ ಅಂದನೇ, ಮುಖ ನೋಡಲಾಗಲಿಲ್ಲ, ಕೈಯಷ್ಟೇ ಕಂಡದ್ದು, ಬಲೆಯ ಹಗ್ಗ ಕೊರೆದ ಅಂಗೈ, ಎಲ್ಲರೂ ಇಳಿಸಿದ ಮೇಲೂ, ಆ ಕೈ, ಗಾಳಿಯಲ್ಲಿ, ಆ ಕೈ