ಪರದೆಯ ಮೇಲೆ ಬಂದ ಹೆಸರು

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನಿಗೆ ಅಲ್ಲಿಯವರು ಇಟ್ಟ ಹೆಸರು ‘ವೈರು’. ಆಳು ಸಣಕಲು, ಹೆಗಲ ಮೇಲೆ ಸದಾ ಒಂದು ವೈರಿನ ಸುರುಳಿ. ಹೆಸರು ಅಂಟಿಕೊಳ್ಳಲು ಇನ್ನೇನು ಬೇಕು? ಕಂಪ್ಯೂಟರಿನ ವಿಷಯದಲ್ಲಿ ಅಲ್ಲಿ ಅವನ ಮಾತೇ ಕೊನೆಯ ಮಾತು.

ಡಯಾಲಿಸಿಸ್ ವಿಭಾಗದಲ್ಲಿ ಎಂಟು ಯಂತ್ರ, ನಲವತ್ತೊಂದು ರೋಗಿಗಳು. ಯಾರು ಯಾವ ದಿನ, ಯಾವ ಹೊತ್ತಿಗೆ ಬರಬೇಕು ಎಂಬುದೆಲ್ಲ ಒಂದೇ ಎಕ್ಸೆಲ್ ಫೈಲಿನಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತೆಯನ್ನು ಅವಳಿಗಿಂತ ಹಿರಿಯರಾದ ವೈದ್ಯರೂ ‘ದೊಡ್ಡಕ್ಕ’ ಎಂದೇ ಕರೆಯುತ್ತಿದ್ದರು. ನಲವತ್ತೊಂದು ಜನರ ಸರದಿ ಅವಳಿಗೆ ಬಾಯಿಪಾಠ.

ಒಂದು ಸೋಮವಾರ ಮಧ್ಯಾಹ್ನ ನರ್ಸ್ ಒಬ್ಬಳು ಆ ಫೈಲನ್ನು ತೆರೆದಳು. ವಯಸ್ಸಾದ ದರ್ಜಿಯೊಬ್ಬನ ಕಾಲು ಊದಿಕೊಂಡಿತ್ತು. ಅವನ ಸರದಿಯನ್ನು ಬುಧವಾರದಿಂದ ಮಂಗಳವಾರಕ್ಕೆ ತರಬೇಕಿತ್ತು. ಆದರೆ ಫೈಲಿಗೆ ಬೀಗ ಬಿದ್ದಿತ್ತು. ದೊಡ್ಡಕ್ಕನ ಹೆಸರು ಹೇಳಿ, ಅವರು ತಿದ್ದುತ್ತಿದ್ದಾರೆ, ನೀವು ಓದಬಹುದು ಅಷ್ಟೇ ಎಂದಿತು ಪರದೆ. ದೊಡ್ಡಕ್ಕ ಊಟಕ್ಕೆ ಹೋಗಿದ್ದಳು. ಆಮೇಲೆ ಹೇಳಿದರಾಯಿತೆಂದು ನರ್ಸ್ ಬೇರೊಂದು ಪ್ರತಿಯಲ್ಲಿ ತಿದ್ದಿ ಉಳಿಸಿದಳು. ಕೆಲಸದ ಗಡಿಬಿಡಿಯಲ್ಲಿ ಹೇಳುವುದು ಮರೆತೇಹೋಯಿತು.

ಮಂಗಳವಾರ ಬೆಳಿಗ್ಗೆ ನರ್ಸ್ ಹೇಳಿದ್ದಂತೆ ದರ್ಜಿ ಬಂದ. ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. “ನಿಮ್ಮದು ನಾಳೆ” ಎಂದು ಬೆಳಗಿನ ಪಾಳಿಯವರು ವಾಪಸು ಕಳಿಸಿದರು. ಸಂಜೆಗೆ ಶ್ವಾಸಕೋಶದಲ್ಲಿ ನೀರು ತುಂಬಿ, ಮೂರು ದಿನ ಉಸಿರಾಟದ ಯಂತ್ರದ ಆಸರೆಯಲ್ಲಿ ಮಲಗಿದ. ಬದುಕಿದ್ದೇ ಹೆಚ್ಚು.

ವಿಚಾರಣೆ ನಡೆಯಿತು. ಫೈಲಿಗೆ ದೊಡ್ಡಕ್ಕನ ಹೆಸರಿನ ಬೀಗವಿತ್ತು, ಅದಕ್ಕೇ ಪಟ್ಟಿಯಲ್ಲಿ ತಿದ್ದಲಾಗಲಿಲ್ಲ ಎಂದಳು ನರ್ಸ್. ದೊಡ್ಡಕ್ಕ, “ನಾನು ಮುಚ್ಚಿಯೇ ಹೋಗಿದ್ದೆ ಮೇಡಂ” ಎಂದಳು. ಮುಖ್ಯ ವೈದ್ಯೆ ವೈರನ ಕಡೆ ತಿರುಗಿದರು.

“ಅವರ ಹೆಸರು ಬಂದಿದೆ ಅಂದ್ರೆ ಏನರ್ಥ?”

“ಫೈಲು ಅವರ ಹತ್ರ ತೆರೆದಿದೆ ಅಂತ, ಮೇಡಂ.”

ಅಷ್ಟರಲ್ಲಿ ಬೀಗ ತಾನಾಗಿಯೇ ತೆರೆದುಕೊಂಡಿತ್ತು. ಅವನು ಬೇರೇನನ್ನೂ ನೋಡಲು ಹೋಗಲಿಲ್ಲ. ದೊಡ್ಡಕ್ಕನನ್ನು ಬಟ್ಟೆ ಕೋಣೆಗೆ ಹಾಕಿದರು. ಹಾಸಿಗೆಯ ಚಾದರಗಳನ್ನು ಮಡಚಿ ಲೆಕ್ಕವಿಡುವ ಕೆಲಸ. ಅವಳು ಹೊರಟ ದಿನ ದರ್ಜಿಯ ಹೆಂಡತಿ ಕಾರಿಡಾರಿನಲ್ಲಿ ಎಲ್ಲರೆದುರು ಅವಳನ್ನು ಬಾಯಿಗೆ ಬಂದಂತೆ ಬೈದಳು.

ಐದು ವಾರದ ನಂತರ ವೈರನಿಗೆ ಮತ್ತೆ ಕರೆ ಬಂತು. ಫೈಲಿಗೆ ಬೀಗ. ಪರದೆಯ ಮೇಲೆ ದೊಡ್ಡಕ್ಕನದೇ ಹೆಸರು.

“ಮತ್ತೆ ಅವರೇನಾ?” ನರ್ಸ್ ಕೇಳಿದಳು.

ಬಟ್ಟೆ ಕೋಣೆಯಲ್ಲಿ ಕಂಪ್ಯೂಟರೇ ಇರಲಿಲ್ಲ.

ಆ ದಿನ ಮಾಡಬೇಕಾಗಿದ್ದನ್ನು ಈಗ ಮಾಡಿದ. ಫೈಲು ಇದ್ದ ಜಾಗಕ್ಕೆ ಹೋಗಿ, ಕಣ್ಣಿಗೆ ಬೀಳದಂತೆ ಬಚ್ಚಿಟ್ಟ ಫೈಲುಗಳನ್ನೂ ತೋರಿಸೆಂದು ಕಂಪ್ಯೂಟರನ್ನು ಕೇಳಿದ. ಪಕ್ಕದಲ್ಲೇ ಅದೇ ಹೆಸರಿನ ಪುಟ್ಟದೊಂದು ಫೈಲು ಕಂಡಿತು. ಯಾರಾದರೂ ಪಟ್ಟಿ ತೆರೆದಾಗ ಹುಟ್ಟಿ, ಮುಚ್ಚಿದಾಗ ಅಳಿಯಬೇಕಾದದ್ದು, ಅಳಿಯದೆ ಉಳಿದಿತ್ತು. ಬೀಗ ಹಾಕಿದ್ದು ಅದೇ. ಅದು ಬಂದ ಜಾಡು ಹಿಡಿದು ಹೋದರೆ ಔಷಧಿ ಉಗ್ರಾಣ ಸಿಕ್ಕಿತು. ಉಗ್ರಾಣದವನು ಎಷ್ಟು ಫಿಲ್ಟರು ಕಳಿಸಬೇಕೆಂದು ತಿಳಿಯಲು ದಿನಾ ಆ ಪಟ್ಟಿ ನೋಡುತ್ತಿದ್ದ.

“ನೋಡಿ ಆದ್ಮೇಲೆ ಏನ್ಮಾಡ್ತೀರಿ?”

“ಒಂದೊಂದ್ಸಲ ಮುಚ್ತೀನಿ. ಅವಸರ ಇದ್ರೆ ಪ್ಲಗ್ ಕಿತ್ತು ಹೋಗ್ತೀನಿ. ಕರೆಂಟ್ ಉಳಿಸಿ ಅಂತ ನೀವೇ ಅಲ್ವಾ ಚೀಟಿ ಅಂಟಿಸಿದ್ದು?”

ಚೀಟಿ ಗೋಡೆಯ ಮೇಲಿತ್ತು. ಪ್ಲಗ್ ಕಿತ್ತ ದಿನ ಆ ಪುಟ್ಟ ಫೈಲು ಉಳಿದುಬಿಡುತ್ತಿತ್ತು, ಮುಂದೆ ಅವನೇ ಪಟ್ಟಿ ತೆರೆದು ಸರಿಯಾಗಿ ಮುಚ್ಚಿದಾಗ ಬೀಗ ತಾನಾಗಿಯೇ ಹೋಗುತ್ತಿತ್ತು. ಆ ಕಂಪ್ಯೂಟರು ಎರಡು ವರ್ಷದ ಹಿಂದೆ ದೊಡ್ಡಕ್ಕನ ಮೇಜಿನ ಮೇಲಿತ್ತು. ಅವಳಿಗೆ ಹೊಸದು ಬಂದಾಗ ಹಳೆಯದನ್ನು ಇಲ್ಲಿಗೆ ಹೊತ್ತು ತಂದವನು ವೈರನೇ. ಅವಳ ಫೈಲುಗಳನ್ನೆಲ್ಲ ಅಳಿಸಿದ್ದ. ಎಕ್ಸೆಲ್‌ನಲ್ಲಿ ನಮೂದಾಗಿದ್ದ ಅವಳ ಹೆಸರನ್ನು ಬದಲಿಸಿರಲಿಲ್ಲ. ಹಾಗಾಗಿ ಅಲ್ಲಿ ಯಾರು ಫೈಲು ತೆರೆದರೂ ಬರುತ್ತಿದ್ದದ್ದು ಅವಳ ಹೆಸರೇ.

ಫೈಲು ಬೇರೆಲ್ಲೂ ತೆರೆದಿಲ್ಲವೆಂದು ಖಚಿತ ಮಾಡಿಕೊಂಡು, ಉಳಿದಿದ್ದ ಪುಟ್ಟ ಫೈಲನ್ನು ಅಳಿಸಿದ. ಬೀಗ ತೆರೆಯಿತು. ಒಂದು ನಿಮಿಷದ ಕೆಲಸ.

ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಊಟ ಮುಟ್ಟದೆ ಕೂತವನನ್ನು ಹೆಂಡತಿ ಏನಾಯಿತೆಂದು ಕೇಳದೆ ಬಿಡಲಿಲ್ಲ. ಎಲ್ಲ ಹೇಳಿದ. ಹೇಳಿ, “ಪರದೆ ಮೇಲೆ ಇದ್ದದ್ದನ್ನೇ ಹೇಳಿದೆ ಕಣೇ” ಎಂದ.

“ಓದಿ ಹೇಳೋಕೆ ಯಾರಾದ್ರೂ ಆಗ್ತಿದ್ರು,” ಅಂದಳು ಅವಳು. “ನಿಮ್ಮನ್ನ ಕರೆದಿದ್ದು ನೋಡಿ ಹೇಳ್ಲಿ ಅಂತ.”

ಮರುದಿನ ಬೆಳಿಗ್ಗೆ ಮುಖ್ಯ ವೈದ್ಯೆಯ ಕೋಣೆಯಲ್ಲಿ ನಿಂತೇ ಎಲ್ಲವನ್ನೂ ಹೇಳಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದನ್ನ ಬರೆದು ಕೊಡ್ತೀರಾ? ನಿಮ್ಮ ಕೆಲಸಕ್ಕೇ ಕುತ್ತು ಬರಬಹುದು.”

“ಕೊಡ್ತೀನಿ, ಮೇಡಂ.”

ಬಟ್ಟೆ ಕೋಣೆಯಲ್ಲಿ ಸೋಪಿನ ಘಾಟು, ಬಿಸಿ ಹಬೆ. ದೊಡ್ಡಕ್ಕ ಚಾದರ ಮಡಚುತ್ತಲೇ ಅವನ ಮಾತು ಕೇಳಿದಳು. ಮುಗಿದ ಮೇಲೂ ಕೈ ನಿಲ್ಲಲಿಲ್ಲ.

“ಐದು ವಾರ,” ಅಂದಳು. “ಮುಚ್ಚಿದ್ನಾ, ಇಲ್ವಾ ಅಂತ ನನ್ನ ಮೇಲೇ ನನಗೆ ಅನುಮಾನ ಬಂದುಬಿಟ್ಟಿತ್ತು. ನನ್ನ ಕೈಯಾರೆ ಅವರನ್ನ ಸಾಯಿಸೋಕೆ ಹೋಗಿದ್ನಾ ಅಂತ.”

“ತಪ್ಪಾಯ್ತು ದೊಡ್ಡಕ್ಕ. ಇವತ್ತೇ ನಿಮ್ಮ ಜಾಗ ನಿಮಗೆ ಕೊಡ್ತಾರೆ.”

“ಜಾಗ ಎಲ್ಲಿಗೂ ಓಡಿಹೋಗಲ್ಲ. ಮೊದಲು ದರ್ಜಿಯ ಹೆಂಡತಿಗೆ ಹೇಳಿ. ಆರು ವರ್ಷ, ಗಂಡನ ಜೊತೆ ಬಂದಾಗೆಲ್ಲ ನನ್ನ ಪಕ್ಕ ಕೂತು ಊಟ ಮಾಡಿದವಳು. ನಾನು ಹೇಳಿದ್ರೆ ನಂಬಲ್ಲ, ನೀವೇ ಹೇಳಬೇಕು.”

ದರ್ಜಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದ. ತುಂಬ ಸೊರಗಿದ್ದ. ಹೆಂಡತಿ ಸ್ಟೂಲಿನ ಮೇಲೆ ಕೂತಿದ್ದಳು. ವೈರು ಕಂಪ್ಯೂಟರಿನ ಮಾತು ಬಿಟ್ಟು, ಅವಳಿಗೆ ಅರ್ಥವಾಗುವಂತೆ ಹೇಳಿದ: ಬಾಗಿಲು ಹಾಕಿದವರು ಬೇರೆ, ಬಾಗಿಲ ಮೇಲೆ ದೊಡ್ಡಕ್ಕನ ಹೆಸರು ಉಳಿದಿತ್ತು, ಹೆಸರು ಅಳಿಸದವನು ನಾನು, ನೋಡದೆ ಹೇಳಿದವನೂ ನಾನೇ.

ಅವಳು ಅವನನ್ನು ಬೈಯಲಿಲ್ಲ. ಅವನತ್ತ ನೋಡಲೂ ಇಲ್ಲ. “ಅವತ್ತು ದೊಡ್ಡಕ್ಕನಿಗೆ ಮಕ್ಕಳಿಲ್ಲ ಅನ್ನೋದನ್ನೂ ಎತ್ತಿ ಆಡಿಬಿಟ್ಟೆ,” ಅಂದಳು. ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಎದ್ದು ಬಟ್ಟೆ ಕೋಣೆ ಎಲ್ಲಿದೆಯೆಂದು ಕೇಳಿಕೊಂಡು ಹೋದಳು.

ಅರ್ಧ ಗಂಟೆಯ ಮೇಲೆ ಇಬ್ಬರೂ ಒಟ್ಟಿಗೆ ಬಂದರು, ಕಣ್ಣು ಕೆಂಪಾಗಿತ್ತು. ದೊಡ್ಡಕ್ಕ ಸ್ಟೂಲಿನ ಮೇಲೆ ಕೂತು ದರ್ಜಿಯ ಮೊಣಕೈ ಸವರಿದಳು.

“ಇಬ್ರೂ ಅತ್ತು ಮುಗಿದಿದ್ರೆ,” ಎಂದ ದರ್ಜಿ ಕ್ಷೀಣ ದನಿಯಲ್ಲಿ, “ಆ ಕಿಟಕಿ ಸ್ವಲ್ಪ ತೆಗೀರಮ್ಮ. ಸೆಕೆ.”

ವೈರು ಬಾಗಿಲ ಬಳಿ ನಿಂತಿದ್ದ. ಹೋಗಲಿ ಬಿಡು ಎಂದು ಅವನಿಗೆ ಯಾರೂ ಹೇಳಲಿಲ್ಲ. ಅವನೂ ಅದನ್ನು ಬಯಸಿರಲಿಲ್ಲ. ಉಗ್ರಾಣಕ್ಕೆ ಹೋಗಿ, ಆ ಹಳೆಯ ಕಂಪ್ಯೂಟರನ್ನು ಆನ್ ಮಾಡಿ, ಎಕ್ಸೆಲ್‌ನಲ್ಲಿದ್ದ ದೊಡ್ಡಕ್ಕನ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ.