ರಲಿಯಾತು ಅಜ್ಜಿ ಗೆದ್ದ ಓಟ

ಕ್ರೀಡಾಕೂಟಕ್ಕೆ ನಮ್ಮ ಅಥ್ಲೆಟಿಕ್ಸ್ ಫೆಡರೇಷನ್ನಿನ ಅಧಿಕಾರಿಗಳು ಲೇಗೋಸಿನಿಂದ ಪಕ್ಕದ ದೇಶದ ಕೋಟೊನುವಿಗೆ ವಿಮಾನದಲ್ಲಿ ಬಂದರು. ಓಡಬೇಕಾದ ನಾವು ಬಸ್ಸಿನಲ್ಲಿ ಬಂದೆವು, ಗಡಿಯಲ್ಲಿ ಅರ್ಧ ದಿನ ಬಿಸಿಲಿಗೆ ಒಣಗಿಕೊಂಡು. ಅದು ಹೊಸದೇನಲ್ಲ, ಹಾಗಾಗಿ ಯಾರೂ ಗೊಣಗಲಿಲ್ಲ. ಆದರೆ ಸಾಮಾನಿನ ಪೆಟ್ಟಿಗೆ ಬಿಚ್ಚಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಅದರ ತುಂಬ ಅಧಿಕಾರಿಗಳ ಹೊಸ ಟ್ರ್ಯಾಕ್‌ಸೂಟುಗಳು, ಅವರವರ ಹೊಟ್ಟೆಯ ಅಳತೆಗೆ ಸರಿಯಾಗಿ ಹೊಲಿಸಿದಂಥವು. ಓಟಗಾರರಿಗೆ ಒಂದು ಜೆರ್ಸಿಯೂ ಇರಲಿಲ್ಲ.

ಒಬ್ಬೊಬ್ಬರೇ ಓಡುವವರು ಹಳೆಯದನ್ನೇ ಒಗೆದು ಹಾಕಿಕೊಂಡರು. ನಮ್ಮದು ರಿಲೇ, ನಾಲ್ವರೂ ಒಂದೇ ಥರದ ಬಟ್ಟೆ ತೊಡಬೇಕು. ಮೊದಲ ಸುತ್ತಿನಲ್ಲಿ ನಾನು ಬಣ್ಣ ಹೋದ ಹಸಿರು, ಮ್ವುಯೆಸೆ ಅವಳ ಕ್ಲಬ್ಬಿನ ನೀಲಿ, ಉಳಿದಿಬ್ಬರು ಕೈಗೆ ಸಿಕ್ಕಿದ್ದು. ಓಡಿ ಗೆದ್ದೆವು. ಗೆದ್ದ ಮೇಲೆ ರೆಫರಿ ಹೆಂಗಸು ಕರೆದು ಹೇಳಿದಳು, ಇದೊಂದು ಸಲ ಬಿಟ್ಟಿದ್ದೇನೆ, ನಾಳೆ ಫೈನಲ್ಲಿಗೆ ಹೀಗೆ ಬಂದರೆ ಹೊರಗೆ ಕಳಿಸುತ್ತೇನೆ ಎಂದು.

ಫೆಡರೇಷನ್ನಿನ ನಿರ್ದೇಶಕರು ಓಗಾ ಎಟುಕ್; ನಮ್ಮಲ್ಲಿ ಓಗಾ ಎಂದರೆ ಸಾಹೇಬರು. ಅವರು ಹೋಟೆಲಿನ ಅಂಗಳದಲ್ಲಿ ಸುಟ್ಟ ಮೀನು ತಿನ್ನುತ್ತ ಕೂತಿದ್ದರು. ಮ್ವುಯೆಸೆಯನ್ನು ಜೊತೆಗೆ ಕರೆದುಕೊಂಡು ಹೋಗಿ ನಾನು ವಿಷಯ ಹೇಳಿದೆ.

"ಎಬಿಯೆರೆ, ಈಗ ನಾನೇನು ಜೆರ್ಸಿ ಮೊಟ್ಟೆ ಇಡ್ಲಾ?" ಎಂದರು. "ಆರ್ಡರ್ ಕೊಟ್ಟಿದ್ದೀವಿ. ಬರುತ್ತೆ."

"ಯಾವಾಗ ಓಗಾ? ಓಟ ನಾಳೆ ಸಂಜೆ."

"ಅಯ್ಯೋ, ಅಷ್ಟೊಂದು ತಲೆ ಕೆಡಿಸ್ಕೋಬೇಡಮ್ಮ. ಹೆಂಗಸರ ರಿಲೇ ತಂಡ ಮುಚ್ಚೋದು ಅಂತ ಹೆಚ್ಚುಕಡಿಮೆ ತೀರ್ಮಾನ ಆಗಿದೆ. ಪದಕ ಗಿದಕ ಬಂದ್ರೆ ಆಗ ನೋಡೋಣ."

ಮೀನಿನ ಮುಳ್ಳು ಬಿಡಿಸುತ್ತಲೇ ಅಷ್ಟನ್ನೂ ಹೇಳಿಬಿಟ್ಟರು. ಬಟ್ಟೆ ಕೊಡುವುದಿಲ್ಲ, ಬಟ್ಟೆ ಇಲ್ಲದಿದ್ದರೆ ಓಡುವಂತಿಲ್ಲ, ಓಡದಿದ್ದರೆ ಪದಕವಿಲ್ಲ, ಪದಕವಿಲ್ಲದಿದ್ದರೆ ತಂಡವೇ ಇಲ್ಲ. ನನಗಾದರೋ ವಯಸ್ಸಾಯಿತು, ಇನ್ನೆರಡು ವರ್ಷ ಓಡಿದರೆ ಹೆಚ್ಚು. ಮ್ವುಯೆಸೆಗೆ ಈಗಷ್ಟೇ ಇಪ್ಪತ್ತು. ತಂಡದ ತರಬೇತಿ ಶಿಬಿರದ ಊಟ, ಶಿಬಿರದ ಹಾಸಿಗೆ, ಅದು ಬಿಟ್ಟರೆ ಅವಳಿಗೆ ಓಡಲು ಬೇರೆ ದಾರಿಯೇ ಇರಲಿಲ್ಲ. ಅವಳ ಮುಖ ನೋಡಲಾಗದೆ ನಾನು ಹೋಟೆಲಿನ ಗೋಡೆ ನೋಡುತ್ತ ನಿಂತೆ.

ಬೆಳಿಗ್ಗೆ ಅವಳನ್ನು ಕರೆದುಕೊಂಡು ದೊಡ್ಡ ಮಾರುಕಟ್ಟೆಗೆ ಹೋದೆ. ಹಳೆ ಬಟ್ಟೆಯ ರಾಶಿಗಳಲ್ಲಿ ಮೊಣಕೈವರೆಗೂ ಕೈಯಾಡಿಸಿದೆವು. ಎರಡು ಒಂದೇ ಥರದ್ದು ಸಿಕ್ಕರೆ ಮೂರನೆಯದು ಸಿಗದು. ಬಿಸಿಲು, ಹಸಿವು, ಜೊತೆಗೆ ಸಿಟ್ಟು. ಇಬ್ಬರೂ ಜಗಳಕ್ಕೆ ಬಿದ್ದೆವು.

"ಲೇಗೋಸ್ ಕಡೆ ಹುಡುಗೀರಾ?" ಪಕ್ಕದ ಬಟ್ಟೆ ಅಂಗಡಿಯಿಂದ ಒಂದು ದನಿ ಬಂತು. "ಬೈಗುಳದಲ್ಲೇ ಗೊತ್ತಾಯ್ತು ಬಿಡ್ರಿ."

ಬಟ್ಟೆಯ ಥಾನುಗಳ ನಡುವೆ ರಾಣಿಯಂತೆ ಕೂತಿದ್ದವಳನ್ನು ಮಾರುಕಟ್ಟೆಯವರು ಸಿದಿಕಾತ್ ಆಂಟಿ ಎನ್ನುತ್ತಿದ್ದರು. ನಮ್ಮ ಕಡೆಯ ಯೊರೂಬಾ ಭಾಷೆಯ ಹೆಂಗಸು, ಇಲ್ಲಿ ವ್ಯಾಪಾರಕ್ಕೆ ಬಂದು ನೆಲೆಸಿದವಳು. ಒತ್ತಾಯದಿಂದ ಕೂರಿಸಿ ನೀರು ಕೊಟ್ಟಳು. ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಆಂಟಿ ನಗತೊಡಗಿದಳು, ಕಣ್ಣಲ್ಲಿ ನೀರು ಬರುವ ತನಕ.

"ಅಷ್ಟು ದೊಡ್ಡ ಸರ್ಕಾರಕ್ಕೆ ನಾಕು ಜನಕ್ಕೆ ಒಂದೇ ಥರದ ಬಟ್ಟೆ ಹೊಂದಿಸೋಕೆ ಆಗ್ಲಿಲ್ವಾ? ನಮ್ಮಮ್ಮನ ಮಣ್ಣಿಗೆ ನಾನೂರು ಜನ ಒಂದೇ ಬಟ್ಟೆ ಉಟ್ಕೊಂಡು ಬಂದಿದ್ರು ಕಣ್ರೇ!"

ಅದು ನಿಜ. ನಮ್ಮಲ್ಲಿ ಮದುವೆಯಿರಲಿ, ಸಾವಿರಲಿ, ಮನೆಯವರು ಒಂದು ಬಟ್ಟೆ ಆರಿಸುತ್ತಾರೆ, ಬಂದವರೆಲ್ಲ ಅದನ್ನೇ ಉಡುತ್ತಾರೆ. ಒಬ್ಬಳ ನೆರಿಗೆಯ ಬಣ್ಣ ಇನ್ನೊಬ್ಬಳಿಗಿಂತ ಕೊಂಚ ತಿಳಿಯಾದರೂ ವರ್ಷಗಟ್ಟಲೆ ಮಾತು ನಡೆಯುತ್ತದೆ.

ಆಂಟಿ ಏಣಿ ಹತ್ತಿ ಮೇಲಿನ ಹಲಗೆಯಿಂದ ಒಂದು ಥಾನು ಇಳಿಸಿದಳು. ಹಸಿರು ಬಟ್ಟೆ, ಬಿಳಿ ಹೂವು, ನಮ್ಮ ಬಾವುಟದ್ದೇ ಬಣ್ಣ. ಹೂವುಗಳ ನಡುವೆ ಅಲ್ಲಲ್ಲಿ ದೊಡ್ಡ ವೃತ್ತ, ವೃತ್ತದೊಳಗೆ ತಲೆಗೆ ಮುಸುಕು ಹಾಕಿದ ಒಬ್ಬ ಮುದುಕಿಯ ಮುಖ. ದಪ್ಪ ಮೂಗು, ಯಾರನ್ನೋ ಗದರಲು ಸಿದ್ಧವಾದ ಬಾಯಿ.

"ನಮ್ಮಮ್ಮ. ಅಲ್ಹಾಜಾ ರಲಿಯಾತು. ಹಜ್ ಯಾತ್ರೆ ಮಾಡಿ ಬಂದೋಳು, ಅದಕ್ಕೇ ಅಲ್ಹಾಜಾ. ಅವಳ ಮಣ್ಣಿಗೆ ಅಂತ ಮುಖ ಅಚ್ಚು ಹಾಕ್ಸಿದ್ದೆ, ಮಿಕ್ಕಿದ್ದು ಹೀಗೇ ಬಿದ್ದಿತ್ತು. ತಗೊಳ್ಳಿ."

"ಆಂಟಿ, ಅವರ ಮುಖ ಹಾಕ್ಕೊಂಡು ಓಡೋದಾ?" ಮ್ವುಯೆಸೆ ಬಾಯಿ ಬಿಟ್ಟಳು.

"ಯಾಕೆ, ನಿನಗೆ ನಮ್ಮಮ್ಮನ ಮುಖ ಚೆನ್ನಾಗಿ ಕಾಣ್ಲಿಲ್ವಾ?"

ನಾನು ಉಳಿದಿಬ್ಬರನ್ನೂ ಕರೆಸಿದೆ. ಎದುರಿನ ದರ್ಜಿಯ ಪಕ್ಕದಲ್ಲೇ ಆಂಟಿ ಕಾವಲು ನಿಂತಳು. ತೋಳು ಅಗಲವಾಗಿರಲಿ, ಮಕ್ಕಳು ಕೈ ಬೀಸಬೇಕು ಎಂದಳು. ಅವನು ಮುಖವನ್ನು ಬೆನ್ನಿನ ಕಡೆಗೆ ಇಟ್ಟು ಕತ್ತರಿಸಲು ಹೊರಟಾಗ ಕತ್ತರಿಯನ್ನೇ ಕಿತ್ತುಕೊಂಡಳು. "ನಮ್ಮಮ್ಮ ಹಿಂದೆ ನೋಡ್ಕೊಂಡು ಓಡ್ಬೇಕಾ? ಎದೆ ಮೇಲೆ ಹಾಕೋ!" ಚಡ್ಡಿಗೆ ಬರೀ ಹೂವಿರುವ ಭಾಗವೇ ಆಗಬೇಕು, ಯಾರೂ ಅಮ್ಮನ ಮುಖದ ಮೇಲೆ ಕೂರುವಂತಿಲ್ಲ ಎಂದು ಆಣೆ ಹಾಕಿದಳು. ದೇಶದ ಹೆಸರನ್ನು ಬಿಳಿ ಬಟ್ಟೆಯಲ್ಲಿ ಕತ್ತರಿಸಿ, ಮುಖದ ಮೇಲ್ಗಡೆ ಹೊಲಿಸಿದಳು.

ಸಂಜೆ ಮೈದಾನದ ಬಾಗಿಲಲ್ಲಿ ಓಗಾ ಎಟುಕ್ ನಮ್ಮನ್ನು ನೋಡಿ ನಿಂತಲ್ಲೇ ನಿಂತರು.

"ಇದೇನು ವೇಷ? ಫೆಡರೇಷನ್ ಮಾನ ಹರಾಜು ಹಾಕ್ತಿದ್ದೀರಾ? ಬಿಚ್ಚಿ ಮೊದ್ಲು!"

"ಬಿಚ್ಚಿ ಏನು ಹಾಕ್ಕೊಳ್ಳೋಣ ಓಗಾ? ನಿಮ್ಮ ಟ್ರ್ಯಾಕ್‌ಸೂಟಾ? ನಾವು ನಾಲ್ಕೂ ಜನ ಒಂದರಲ್ಲೇ ಹಿಡೀತೀವಿ."

ಅಷ್ಟರಲ್ಲಿ ರೆಫರಿ ಬಂದಳು. ನಮ್ಮನ್ನು ಸಾಲಾಗಿ ನಿಲ್ಲಿಸಿ ಹೊಲಿಗೆ ಎಳೆದು ನೋಡಿದಳು, ಹೆಸರು ಓದಿದಳು, ಅಜ್ಜಿಯ ಮುಖವನ್ನೂ ತುಸು ಹೊತ್ತು ನೋಡಿದಳು.

"ನಾಲ್ಕೂ ಒಂದೇ ಥರ ಇದೆ. ಹೋಗಿ ಓಡಿ," ಎಂದಳು.

ಓಡಿದೆವು ನೋಡಿ! ಮ್ವುಯೆಸೆ ಗುಂಡಿನ ಸದ್ದಿಗೇ ಬೆಚ್ಚಿದವಳಂತೆ ಎದ್ದು, ತನ್ನ ಪಾಲಿನ ಓಟದಲ್ಲೇ ಎಲ್ಲರಿಗಿಂತ ಮುಂದೆ ಬಂದಳು. ಎರಡನೆಯವಳು ಉಳಿಸಿಕೊಂಡಳು. ಮೂರನೆಯವಳಿಗೆ ತೊಡೆ ಹಿಡಿದುಕೊಂಡಿತು, ಪಾಪ, ಹಲ್ಲು ಕಚ್ಚಿ ಓಡಿದರೂ ಘಾನಾದವಳು ದಾಟಿ ಹೋದಳು. ಕೋಲು ನನ್ನ ಕೈಗೆ ಬಂದಾಗ ಅವಳ ಬೆನ್ನು ಬಹಳ ದೂರದಲ್ಲಿತ್ತು.

ಕೊನೆಯ ತಿರುವಿನಲ್ಲಿ ನನ್ನ ಕಾಲು ಸೋತಿತು. ಸುಳ್ಳು ಹೇಳುವುದಿಲ್ಲ, ಎರಡನೆಯ ಸ್ಥಾನವೇ ಸಾಕು ಅನ್ನಿಸಿತು. ಆಗ ಪ್ರೇಕ್ಷಕರ ಕಟ್ಟೆಯ ಕಡೆ ಕಣ್ಣು ಹೋಯಿತು. ಒಂದು ಇಡೀ ಭಾಗ ಹಸಿರಾಗಿತ್ತು. ಸಿದಿಕಾತ್ ಆಂಟಿ ಮಾರುಕಟ್ಟೆಯ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಬಂದಿದ್ದಳು, ಎಲ್ಲರೂ ಅಂದು ಮಣ್ಣಿಗೆ ಉಟ್ಟಿದ್ದ ಅದೇ ಬಟ್ಟೆಯಲ್ಲಿ, ಎಲ್ಲರ ಮೈಮೇಲೂ ಅದೇ ಗದರುವ ಮುದುಕಿ. "ಅಲ್ಹಾಜಾ! ಅಲ್ಹಾಜಾ!" ಎಂದು ಕಿರುಚುತ್ತಿದ್ದರು. ನನ್ನವರು ಬಂದಿದ್ದಾರೆ ಅನ್ನಿಸಿತು. ಎಲ್ಲಿತ್ತೋ ಆ ಉಸಿರು, ಬಂತು. ಘಾನಾದವಳ ಪಕ್ಕಕ್ಕೆ ಬಂದೆ, ಗೆರೆಯ ಬಳಿ ಎದೆ ಮುಂದೆ ಚಾಚಿದೆ. ನಿಜ ಹೇಳಬೇಕೆಂದರೆ ಗೆರೆ ಮೊದಲು ದಾಟಿದ್ದು ರಲಿಯಾತು ಅಜ್ಜಿಯ ಮೂಗು. ಚಿನ್ನ!

ನಾವು ನೆಲದಲ್ಲಿ ಬಿದ್ದು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿರುವಾಗಲೇ ಓಗಾ ಎಟುಕ್ ಓಡಿ ಬಂದರು. ಅವರು ಓಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಟಿವಿಯವರು ಸುತ್ತುಗಟ್ಟಿದರು, ಎಲ್ಲ ನೇರ ಪ್ರಸಾರ, ಮೈದಾನದ ಧ್ವನಿವರ್ಧಕದಲ್ಲೂ.

"ಈ ಉಡುಪು ನಮ್ಮ ಫೆಡರೇಷನ್ನಿನದೇ ಯೋಜನೆ," ಎಂದರು ಓಗಾ, ನನ್ನ ಹೆಗಲ ಮೇಲೆ ಕೈ ಹಾಕಿ. "ನಮ್ಮ ಸಂಸ್ಕೃತಿನ ಜಗತ್ತಿಗೆ ತೋರಿಸ್ಬೇಕು ಅಂತ."

"ಚಿತ್ರದಲ್ಲಿರೋರು ಯಾರು ಸಾರ್?" ಎಂದು ಟಿವಿಯವಳೊಬ್ಬಳು ಕೇಳಿದಳು.

ಓಗಾ ಅಜ್ಜಿಯನ್ನು ಓರೆಗಣ್ಣಲ್ಲಿ ನೋಡಿದರು. ಅಜ್ಜಿ ಅವರನ್ನು ಗದರುವಂತೆ ನೋಡಿದಳು.

"ಅವರು... ಹೆಂಗಸರ ರಿಲೇ ತಂಡವನ್ನ ಕಟ್ಟಿದ ಹಿರಿಯ ಓಟಗಾರ್ತಿ. ದೇಶ ಅವರನ್ನ ಮರೆತಿಲ್ಲ."

ಬೇಲಿಯಾಚೆಯಿಂದ ಆಂಟಿಯ ದನಿ ಸಿಡಿಯಿತು. "ನಮ್ಮಮ್ಮ ಬಸ್ಸು ಹೊರಟುಹೋದ್ರೂ ಓಡಿದೋಳಲ್ಲ ಕಣೋ!"

ಹಸಿರು ಕಟ್ಟೆಯೆಲ್ಲ ಗೊಳ್ಳೆಂದಿತು. ಕ್ಯಾಮರಾಗಳು ಅತ್ತ ತಿರುಗಿದವು. ಓಗಾ ಬೆವರಿದರು. ಆಂಟಿ ಬೇಲಿಯ ತನಕ ಇಳಿದು ಬಂದಳು, ಸೊಂಟಕ್ಕೆ ಕೈಕೊಟ್ಟು.

"ಆಗ್ಲಿ ಮಗಾ. ದೊಡ್ಡ ಮನುಷ್ಯ, ಟಿವೀಲಿ ಹೇಳ್ಬಿಟ್ಟೆ. ನಮ್ಮಮ್ಮನೇ ಕಟ್ಟಿದ್ದು ಅಂತ ಇಟ್ಕೊಳ್ಳೋಣ. ಹಂಗಾದ್ರೆ ನಮ್ಮಮ್ಮ ಕಟ್ಟಿದ ತಂಡಾನ ಮುಚ್ತೀನಿ ಅಂದ್ಯಂತೆ?"

"ಮುಚ್ಚೋದಾ? ಯಾರು ಹೇಳಿದ್ದು?"

"ನೀವೇ ಓಗಾ," ಎಂದೆ ನಾನು, ಹೆಗಲ ಮೇಲಿನ ಕೈ ಕೆಳಗಿಳಿಸಿ. "ಮೀನು ತಿನ್ನುವಾಗ."

ಮೈಕುಗಳೆಲ್ಲ ಅವರ ಬಾಯಿಗೆ ಬಂದವು. ಓಗಾ ಆಚೀಚೆ ನೋಡಿದರು, ಹೋಗಲು ಜಾಗವಿರಲಿಲ್ಲ.

"ತಂಡ ಇರುತ್ತೆ," ಎಂದು ಗೊಣಗಿದರು.

ಆಂಟಿ ತನ್ನ ಸೆರಗನ್ನು ಬೇಲಿಯ ಮೇಲೆ ಎತ್ತಿ ಹಿಡಿದಳು. ಅದರಲ್ಲಿ ಅಮ್ಮನ ಮುಖ ಓಗಾರ ಮುಖಕ್ಕೆ ನೇರವಾಗಿ ಬಂತು.

"ಅವಳಿಗೇ ಹೇಳು. ಜೋರಾಗಿ ಹೇಳು, ನಮ್ಮಮ್ಮಂಗೆ ಕಿವಿ ಮಂದ."

ಮ್ವುಯೆಸೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಡೀ ದೇಶ ನೋಡುತ್ತಿರುವಾಗ ನಮ್ಮ ನಿರ್ದೇಶಕರು ಆ ಬಟ್ಟೆಯ ಮುಂದೆ ಬಗ್ಗಿ ಕೂಗಿದರು:

"ತಂಡ ಇರುತ್ತೆ, ಅಲ್ಹಾಜಾ!"