ಕರ್ಮ ಮಾಡುವವನಿಗೇ ಮನೆ

ಬಸವೇಶ್ವರನಗರದ ಆ ಮನೆಯಲ್ಲಿ ಕಾಫಿಯ ಘಮಕ್ಕಿಂತ ಮೊದಲು ವಿಮಲಮ್ಮನವರ ಕೂಗು ಏಳುತ್ತಿತ್ತು. "ಅಂಬುಜಾ, ಮೇಲಿನವರು ಮೋಟಾರ್ ಹಾಕಿ ಮರೆತಿದಾರೆ! ಟ್ಯಾಂಕ್ ತುಂಬಿ ಹರೀತಿದೆ ನೋಡೇ!" ಸೊಂಟದ ಮೂಳೆ ಮುರಿದು ಮಂಚ ಹಿಡಿದಿದ್ದರೂ ಅವರ ಕಿವಿ ಮಾತ್ರ ಮನೆಯನ್ನೆಲ್ಲ ಸುತ್ತಿ ಬರುತ್ತಿತ್ತು.

ಮಕ್ಕಳಿಲ್ಲ. ಗಂಡ ಕಟ್ಟಿಸಿ ಅವರ ಹೆಸರಿಗೇ ಮಾಡಿ ಹೋದ ಮನೆ. ಮಹಡಿಯ ಮೇಲೆ ಬಾಡಿಗೆಯವರು. ಬ್ಯಾಂಕಿಗೆ, ಕಂದಾಯಕ್ಕೆ ಓಡಾಡಲಾಗದೆ ತಂಗಿಯ ಮಗಳು ಅಂಬುಜಾಳಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದರು. ಪತ್ರ ಬರೆದವನು ತನ್ನ ಹಳೆಯ ನಮೂನೆಯನ್ನೇ ಇಳಿಸಿದ್ದರಿಂದ ಮಾರುವ, ದಾನ ಕೊಡುವ ಅಧಿಕಾರವೂ ಅದರಲ್ಲಿ ಸೇರಿಕೊಂಡಿತ್ತು. ಅದನ್ನು ಮೊದಲು ಗಮನಿಸಿದವರು ವಿಮಲಮ್ಮನವರ ಮೈದುನ ಸೇತುರಾಮಯ್ಯ.

"ನಮ್ಮ ಮನೆತನದ ಪದ್ಧತಿ ಗೊತ್ತಲ್ಲಮ್ಮ? ಮಕ್ಕಳಿಲ್ಲದ ಹೆಂಗಸಿನ ಕರ್ಮ ಯಾರು ಮಾಡ್ತಾರೋ ಅವರಿಗೇ ಮನೆ. ಮಾಡೋನು ನನ್ನ ಮಗ ಆತ್ರೇಯ. ಅವನ ಹೆಸರಿಗೆ ದಾನಪತ್ರ ಮಾಡಿಬಿಡು. ಅತ್ತಿಗೆಗೂ ನೆಮ್ಮದಿ."

ನೋಡಲು ಸಾಧು ಹಸುವಿನಂಥ ಪದ್ಧತಿ. ಒದೆ ತಿನ್ನುತ್ತಿದ್ದವರು ಮಾತ್ರ ವಿಮಲಮ್ಮ. ಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಯನ್ನು ಸೇತುರಾಮಯ್ಯ ನಿಲ್ಲಿಸಿದರು: "ಈ ವಯಸ್ಸಲ್ಲಿ ನಡೆದು ಯಾವ ರೇಸಿಗೆ ಹೋಗ್ಬೇಕು?" ವಿಮಲಮ್ಮ ತಲೆಯಾಡಿಸಿದರು. ಅವರು ಮಲಗುತ್ತಿದ್ದ ಕಿಟಕಿಯ ಕೋಣೆ ಆತ್ರೇಯನ ಸಾಮಾನಿಗೆ ಬೇಕೆಂದರು ಮೈದುನ. ವಿಮಲಮ್ಮ ಅದಕ್ಕೂ ತಲೆಯಾಡಿಸಿ ಮಂಚದ ಸಮೇತ ಅಡಿಗೆಮನೆಯ ಪಕ್ಕದ ಇಕ್ಕಟ್ಟು ಕೋಣೆಗೆ ಹೋದರು.

"ಬೇಡ ಅನ್ನಬಾರದಾ ದೊಡ್ಡಮ್ಮ?"

"ಕೊನೆಗೆ ನೀರು ಬಿಡೋರನ್ನ ಎದುರು ಹಾಕ್ಕೋಬಾರದು ಕಣೇ."

ದಾನಪತ್ರಕ್ಕೆ ಅಂಬುಜಾಳೂ ಒಪ್ಪಿಬಿಟ್ಟಳು. ಹಿರಿಯರ ಮಾತು, ಮೇಲಾಗಿ ದೊಡ್ಡಮ್ಮನೇ ತಲೆಯಾಡಿಸುತ್ತಿದ್ದಾರೆ. ತನ್ನದೇನಿದೆ, ಒಂದು ಸಹಿ.

ನೋಂದಣಿಗೆ ಹೊರಡುವ ಬೆಳಿಗ್ಗೆ ಸೀರೆ ಉಟ್ಟು ಹೊರಬಂದರೆ ಅಂಗಳವೆಲ್ಲ ನೀರು. ಟ್ಯಾಂಕ್ ಯಾವಾಗಿನಿಂದಲೋ ಸುರಿಯುತ್ತಿತ್ತು. ಅವಳು ಮೋಟಾರ್ ಆರಿಸಿ ಒಳಗೆ ಓಡಿದಳು. ವಿಮಲಮ್ಮ ಎಚ್ಚರವಾಗಿಯೇ ಇದ್ದರು.

"ನೀರಿನ ಸದ್ದು ಕೇಳಿಸ್ಲಿಲ್ವಾ? ಯಾಕೆ ಕೂಗ್ಲಿಲ್ಲ?"

"ಇನ್ಮೇಲೆ ನನ್ನ ಮನೆ ಅಲ್ವಲ್ಲ."

ಅಂಬುಜಾ ಮಂಚದ ತುದಿಯಲ್ಲಿ ಕೂತಳು. "ದೊಡ್ಡಮ್ಮ, ಮನೆ ಕೊಡೋಕೆ ನಿಮಗೆ ಇಷ್ಟ ಇದೆಯಾ?"

"ನನ್ನ ಇಷ್ಟ ಯಾರು ಕೇಳ್ತಾರೆ?"

"ನಾನು ಕೇಳ್ಬೇಕಿತ್ತು. ನಿಮ್ಮ ಬದಲಿಗೆ ಸಹಿ ಹಾಕೋಳು ನಾನೇ ಅಲ್ವಾ?"

ವಿಮಲಮ್ಮ ಅವಳ ಕೈ ಹಿಡಿದುಕೊಂಡರು. "ಇಷ್ಟ ಇಲ್ಲ ಕಣೇ. ಭಯ ಇದೆ. ಅನಾಥ ಹೆಣ ಆಗ್ತೀನೇನೋ ಅಂತ."

ಹೊರಗೆ ಆಟೋ ನಿಂತಿತು. ಸೇತುರಾಮಯ್ಯ ಚಪ್ಪಲಿ ಕಳಚದೆ ಬಾಗಿಲಿಗೇ ಬಂದರು. "ಹೊರಡಮ್ಮ, ರಾಹುಕಾಲ ಬಂದ್ಬಿಡುತ್ತೆ."

ಅಂಬುಜಾ ಎದ್ದು ಬಾಗಿಲಿಗೆ ಬಂದಳು. "ನಾನು ಬರಲ್ಲ ಚಿಕ್ಕಪ್ಪ. ದೊಡ್ಡಮ್ಮಂಗೆ ಇಷ್ಟ ಇಲ್ಲ."

"ಅವರ ಇಷ್ಟ ಏನು ಬಂತು? ಪತ್ರದಲ್ಲಿ ನಿನಗೆ ಅಧಿಕಾರ ಇದೆ ತಾನೇ?"

"ಇದೆ. ಬೀಗದ ಕೈ ಕೊಟ್ಟು ಹೋದ್ರೆ ಮನೇನೇ ಕೊಟ್ಟ ಹಾಗಾ? ಅವರಿಗೆ ಬೇಕಾದ್ದು ಮಾಡೋಕೆ ನನ್ನ ಸಹಿ. ನಿಮಗೆ ಬೇಕಾದ್ದಕ್ಕಲ್ಲ, ನನಗೆ ಬೇಕಾದ್ದಕ್ಕೂ ಅಲ್ಲ."

"ಓಹೋ, ಲಾಯರಮ್ಮ! ಹಾಗಾದ್ರೆ ಆತ್ರೇಯ ಸ್ಮಶಾನಕ್ಕೆ ಕಾಲಿಡಲ್ಲ. ಕೊಳ್ಳಿ ನೀನು ಇಡ್ತೀಯಾ?"

ಅಂಬುಜಾ ಬಾಯಿ ತೆರೆಯುವ ಮೊದಲೇ ಒಳಗಿನಿಂದ ದನಿ ಬಂತು. ಮೈದುನನ ಎದುರು ಎಷ್ಟೋ ದಿನಗಳಿಂದ ಏಳದಿದ್ದ ಗಟ್ಟಿ ದನಿ. "ಸೇತು, ಬೆಂಕಿಗೆ ಗಂಡು ಹೆಣ್ಣು ಗೊತ್ತಾಗಲ್ಲಪ್ಪ. ಬದುಕಿರೋವಾಗ್ಲೇ ನನ್ನ ಸುಟ್ಟಿದ್ದು ಸಾಕು. ಆಟೋದವನು ಕಾಯ್ತಿದಾನೆ, ಹೋಗು."

ಸೇತುರಾಮಯ್ಯ ಗೊಣಗುತ್ತ ಆಟೋ ಹತ್ತಿದರು.

ಅಂದೇ ವ್ಯಾಯಾಮದ ಹುಡುಗಿಗೆ ಫೋನ್ ಹೋಯಿತು. ಕಿಟಕಿಯ ಕೋಣೆಗೆ ಮಂಚ ಮರಳಿತು. ಮಾರುವ, ದಾನ ಕೊಡುವ ಮಾತು ತೆಗೆಸಿ ಹೊಸ ಪತ್ರ ಬರೆಸೋಣವೆಂದು ಅಂಬುಜಾಳೇ ಹೇಳಿದಳು. ಒಳ್ಳೆಯವಳೆಂದು ದೊಡ್ಡಮ್ಮ ನಂಬಿ ಕೊಟ್ಟದ್ದನ್ನು ಒಳ್ಳೆಯ ಮನಸ್ಸಿನಿಂದಲೇ ಕಳೆಯಲು ಹೊರಟಿದ್ದೆನಲ್ಲ ಎಂಬ ನಡುಕ ಅವಳಿಗೆ ಇನ್ನೂ ಇಳಿದಿರಲಿಲ್ಲ.

ಸಂಜೆ ವಿಮಲಮ್ಮ ಕಿಟಕಿಯಾಚೆ ನೋಡುತ್ತ ಹೇಳಿದರು, "ಅಂಬುಜಾ, ನನ್ನ ಕರ್ಮ ನೀನೇ ಮಾಡೇ."

"ನೀವು ಹೋದ ಕ್ಷಣಾನೇ ನನ್ನ ಪವರ್ರೂ ಹೋಗುತ್ತೆ ದೊಡ್ಡಮ್ಮ. ಕಾನೂನು ಹಾಗಿದೆ."

"ಪವರ್ ಯಾರಿಗೆ ಬೇಕು ಕಣೇ? ನೀನು ಬಂದ್ರೆ ಸಾಕು."